ಮಗ್ಗದಿಂದ ಇನ್ನೋವಾವರೆಗೆ: ಟೊಯೊಟಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ಮಾತು ಬಂದಾಗಲೆಲ್ಲ ಟೊಯೊಟಾ ಬಗ್ಗೆ ಯಾರಾದರೂ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. ಮದುವೆ ಮನೆಯ ಊಟದ ಸಾಲಿನಲ್ಲಿ, ಬಾಡಿಗೆ ಇನ್ನೋವಾದ ಮುಂದಿನ ಸೀಟಿನಲ್ಲಿ, ಪತ್ರಗಳಲ್ಲಿ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ.

## ಮೊದಲ ಪರಿಚಯ

ಟೊಯೊಟಾ ಯಾರದ್ದು? ಯಾವಾಗ ಶುರುವಾಯ್ತು?

ಜಪಾನಿನ ಟೊಯೊಡ ಮನೆತನದ್ದು. ಹೌದು, 'ಡ'. ಅದು 'ಟ' ಆದ ಕಥೆ ಮುಂದೆ ಬರುತ್ತದೆ. ಕಂಪನಿ ಹುಟ್ಟಿದ್ದು 1937ರ ಆಗಸ್ಟ್ 28ರಂದು. ಆದರೆ ಕಾರಿನ ಕೆಲಸ 1933ರಲ್ಲೇ ಶುರುವಾಗಿತ್ತು, ಅದೂ ಒಂದು ಮಗ್ಗದ ಕಾರ್ಖಾನೆಯೊಳಗೆ. ಶುರು ಮಾಡಿದವರು ಕೀಚಿರೊ ಟೊಯೊಡ.

ಕೇಂದ್ರ ಕಚೇರಿ ಇರುವುದು ಐಚಿ ಪ್ರಾಂತ್ಯದ ಟೊಯೊಟಾ ನಗರದಲ್ಲಿ. ಊರಿನ ಹಳೆಯ ಹೆಸರು ಕೊರೊಮೊ. 1959ರಲ್ಲಿ ಕಂಪನಿಯ ಹೆಸರನ್ನೇ ಊರಿಗೆ ಇಟ್ಟರು. ನಮ್ಮ ಪಕ್ಕದ ರಾಜ್ಯದಲ್ಲಿ ಕಿರ್ಲೋಸ್ಕರ್‌ವಾಡಿ ಇದೆಯಲ್ಲ, ಹಾಗೆ. ಈಗ ಮನೆತನದ ಕೈಯಲ್ಲಿರುವ ಷೇರು ಸಣ್ಣದು. ಆದರೂ ಹೆಸರಿನ ತೂಕ ಕಡಿಮೆಯಾಗಿಲ್ಲ. ಕೀಚಿರೊ ಅವರ ಮೊಮ್ಮಗ ಅಕಿಯೊ ಟೊಯೊಡ 2009ರಿಂದ 2023ರವರೆಗೆ ಅಧ್ಯಕ್ಷರಾಗಿದ್ದರು. ಆಮೇಲೆ ಆಡಳಿತ ಮಂಡಳಿಯ ಮುಖ್ಯಸ್ಥರಾದರು.

ಮಗ್ಗ ಮಾಡ್ತಿದ್ದೋರು ಕಾರು ಹೆಂಗೆ ಮಾಡಿದ್ರು? ಇದು ಕಥೆನಾ, ನಿಜನಾ?

ನಿಜ. ಟೊಯೊಟಾ ಅರ್ಥವಾಗಬೇಕಾದರೆ ಈ ಮಗ್ಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಕೀಚಿರೊ ಅವರ ಅಪ್ಪ ಸಾಕಿಚಿ ಟೊಯೊಡ 1867ರಲ್ಲಿ ಹುಟ್ಟಿದವರು, ಬಡಗಿಯ ಮಗ. ಊರಿನ ಹೆಂಗಸರು ಮಗ್ಗದ ಮುಂದೆ ಬೆನ್ನು ಬಗ್ಗಿಸಿ ದುಡಿಯುವುದನ್ನು ನೋಡಿ ಮರದ ಮಗ್ಗವನ್ನು ಸುಧಾರಿಸಲು ಹೊರಟರು. 1896ರಲ್ಲಿ ಅವರು ಮಾಡಿದ ಯಂತ್ರದ ಮಗ್ಗದಲ್ಲಿ ಒಂದು ಸಣ್ಣ ವಿಶೇಷ ಇತ್ತು. ಹೊಕ್ಕಿನ ನೂಲು ತುಂಡಾದರೆ ಮಗ್ಗ ತಾನಾಗೇ ನಿಲ್ಲುತ್ತಿತ್ತು. ಮುಂದೆ ಹಾಸಿನ ಎಳೆಗೂ ಅದೇ ಏರ್ಪಾಡು ಬಂತು. ಪ್ರತಿ ಎಳೆಯ ಮೇಲೂ ಒಂದು ತೆಳುವಾದ ಲೋಹದ ಪಟ್ಟಿ ನೇತುಹಾಕಿರುತ್ತಾರೆ. ಎಳೆ ಬಿಗಿಯಾಗಿದ್ದರೆ ಪಟ್ಟಿ ಮೇಲಿರುತ್ತದೆ. ಎಳೆ ಹರಿದ ಕೂಡಲೇ ಪಟ್ಟಿ ಕೆಳಗೆ ಬೀಳುತ್ತದೆ, ಬಿದ್ದ ಪಟ್ಟಿ ಯಂತ್ರವನ್ನು ತಡೆಯುತ್ತದೆ. ಅಷ್ಟೇ.

ದೊಡ್ಡಬಳ್ಳಾಪುರದ ಪವರ್‌ಲೂಮ್ ಬೀದಿಯಲ್ಲಿ ಓಡಾಡಿದವರಿಗೆ ಇದರ ಬೆಲೆ ಗೊತ್ತು. ಎಳೆ ಹರಿದದ್ದು ಗೊತ್ತಾಗದೆ ಮಗ್ಗ ಓಡುತ್ತಲೇ ಇದ್ದರೆ ಗಜಗಟ್ಟಲೆ ಬಟ್ಟೆ ಹಾಳು. ಅದಕ್ಕೇ ಒಬ್ಬರು ಕಣ್ಣು ಮಿಟುಕಿಸದೆ ಕಾಯಬೇಕು. ಮಗ್ಗವೇ ನಿಲ್ಲುವುದಾದರೆ? 1924ರ 'ಜಿ' ಮಾದರಿಯ ಮಗ್ಗಗಳು ಬಂದ ಮೇಲೆ ಒಬ್ಬರೇ ಮೂವತ್ತಕ್ಕೂ ಹೆಚ್ಚು ಮಗ್ಗ ನೋಡಿಕೊಳ್ಳುವ ಹಾಗಾಯಿತು.

ಈ ಮಗ್ಗದ ಪೇಟೆಂಟ್ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ 1 ಲಕ್ಷ ಪೌಂಡಿಗೆ ಕೊಂಡಿತು. ಆ ದುಡ್ಡಿನಲ್ಲೇ ಕಾರು ಮಾಡಿದರು ಅಂತ ಎಲ್ಲ ಕಡೆ ಹೇಳುತ್ತಾರೆ. ಅಷ್ಟು ಸರಳವಲ್ಲ. ದುಡ್ಡು ಕಂತಿನಲ್ಲಿ ಬಂತು, ನಡುವೆ ಆರ್ಥಿಕ ಕುಸಿತ ಬಂದು ಪ್ಲಾಟ್‌ನವರು ಚೌಕಾಸಿ ಮಾಡಿ ಮೊತ್ತ ಇಳಿಸಿದರು. ಆದರೂ ಮಗ್ಗದ ಗಳಿಕೆ ಇಲ್ಲದಿದ್ದರೆ ಕಾರಿನ ಹುಚ್ಚಿಗೆ ಹಣ ಹುಟ್ಟುತ್ತಿರಲಿಲ್ಲ ಅನ್ನುವುದು ಮಾತ್ರ ನಿಜ. ಸಾಕಿಚಿ 1930ರಲ್ಲಿ ತೀರಿಕೊಂಡರು. ಮಗನ ಕಾರು ನೋಡಲಿಲ್ಲ.

ಟೊಯೊಡ ಹೋಗಿ ಟೊಯೊಟಾ ಯಾಕಾಯ್ತು? ನ್ಯೂಮರಾಲಜಿನಾ?

ಅರ್ಧ ಹೌದು. 1936ರಲ್ಲಿ ಲಾಂಛನಕ್ಕಾಗಿ ಸಾರ್ವಜನಿಕರಿಗೆ ಒಂದು ಸ್ಪರ್ಧೆ ಇಟ್ಟರು. ಸುಮಾರು 27,000 ಚಿತ್ರಗಳು ಬಂದವು. ಗೆದ್ದದ್ದರಲ್ಲಿ 'ಟೊಯೊಟಾ' ಅಂತ ಇತ್ತು. ಜಪಾನಿನ ಕತಕಾನಾ ಲಿಪಿಯಲ್ಲಿ 'ಟೊಯೊಡ' ಬರೆಯಲು ಹತ್ತು ಗೆರೆ ಬೇಕು. 'ಟೊಯೊಟಾ' ಎಂಟೇ ಗೆರೆಯಲ್ಲಿ ಮುಗಿಯುತ್ತದೆ. ಎಂಟು ಅಲ್ಲಿ ಶುಭದ ಸಂಖ್ಯೆ. ನಮ್ಮಲ್ಲಿ ಎಂಟು ಅಂದರೆ ಶನಿ ಅಂತ ಹೆದರುವವರಿದ್ದಾರೆ, ಅಲ್ಲಿ ತದ್ವಿರುದ್ಧ.

ಇನ್ನೂ ಒಂದು ಕಾರಣ ಇದೆ. ಟೊಯೊಡ ಅಂದರೆ 'ಫಲವತ್ತಾದ ಗದ್ದೆ'. ಮನೆತನದ ಹೆಸರು ಮತ್ತು ಗದ್ದೆಯ ನೆನಪು ಎರಡನ್ನೂ ಬಿಟ್ಟು, ಹೊಸ ಕಾಲದ ಹೆಸರಿನ ಹಾಗೆ ಕೇಳಿಸಲಿ ಅನ್ನುವ ಆಸೆ.

ಇವರ ಮೊದಲ ಕಾರು ಚೆನ್ನಾಗಿತ್ತಾ?

ಕಾರಿಗಿಂತ ಮೊದಲು ಮಾರಾಟಕ್ಕೆ ಬಂದದ್ದು ಲಾರಿ. 1935ರ 'ಜಿ1'. ಚೆನ್ನಾಗಿರಲಿಲ್ಲ, ದಾರಿಯಲ್ಲಿ ಕೆಟ್ಟು ನಿಲ್ಲುತ್ತಿತ್ತು. ಇವತ್ತು 'ಕೆಡಲ್ಲ' ಅನ್ನುವುದಕ್ಕೇ ಹೆಸರಾದ ಕಂಪನಿಯ ಶುರು ಹೀಗೆ. 1936ರಲ್ಲಿ 'ಎಎ' ಕಾರು ಬಂತು. ನೋಡಲು ಅಮೆರಿಕದ ಕ್ರೈಸ್ಲರ್ ಏರ್‌ಫ್ಲೋ ಹಾಗೇ ಇತ್ತು, ಎಂಜಿನ್ನಿಗೆ ಶೆವರ್ಲೆ ಮಾದರಿ. ನಕಲು ಅಂತ ಬೈಯಬಹುದು. ಬಿಚ್ಚಿ ನೋಡಿ ಕಲಿತರು ಅಂತಲೂ ಹೇಳಬಹುದು. ಎರಡೂ ಸರಿ.

ಆಗ ಜಪಾನಿನ ರಸ್ತೆಗಳಲ್ಲಿ ಓಡುತ್ತಿದ್ದದ್ದು ಹೆಚ್ಚಾಗಿ ಅಲ್ಲೇ ಜೋಡಿಸಿದ ಫೋರ್ಡ್ ಮತ್ತು ಶೆವರ್ಲೆ. 1936ರಲ್ಲಿ ಸರ್ಕಾರ ಕಾನೂನು ತಂದು ವಿದೇಶಿಯರ ಕೈ ಕಟ್ಟಿತು. ಟೊಯೊಟಾ ಬೆಳೆಯಲು ಅದೂ ಕಾರಣ. ಬರೀ ಜಾಣ್ಮೆಯಿಂದಲೇ ಬೆಳೆದರು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಕ್ರೌನ್, ಕೊರೊನಾ, ಕೊರೊಲ್ಲಾ, ಕ್ಯಾಮ್ರಿ... ಹೆಸರುಗಳೆಲ್ಲ ಒಂದೇ ಥರ ಇವೆಯಲ್ಲಾ?

ಎಲ್ಲವೂ ಕಿರೀಟವೇ! ಕ್ರೌನ್ ಇಂಗ್ಲಿಷಿನಲ್ಲಿ, ಕೊರೊನಾ ಲ್ಯಾಟಿನ್‌ನಲ್ಲಿ. ಕೊರೊಲ್ಲಾ ಅಂದರೆ ಪುಟ್ಟ ಕಿರೀಟ. ಕ್ಯಾಮ್ರಿ ಬಂದದ್ದು ಜಪಾನಿ ಭಾಷೆಯ 'ಕಮ್ಮುರಿ'ಯಿಂದ, ಅದೂ ಕಿರೀಟವೇ.

## ಏಳುಬೀಳು

ಕಂಪನಿ ಒಂದ್ಸಲ ಮುಳುಗೇ ಹೋಗಿತ್ತಂತೆ, ಹೌದಾ?

ಮೂಗಿನವರೆಗೆ ಮುಳುಗಿತ್ತು. ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಲಾರಿ ಮಾಡಿಕೊಟ್ಟರು. 1945ರ ಆಗಸ್ಟ್ 14ರಂದು, ಜಪಾನ್ ಶರಣಾಗತಿ ಘೋಷಿಸುವ ಹಿಂದಿನ ದಿನ, ಕೊರೊಮೊ ಕಾರ್ಖಾನೆಯ ಮೇಲೆ ಬಾಂಬ್ ಬಿತ್ತು. ಆಮೇಲೆ 1949ರಲ್ಲಿ ಬೆಲೆಯೇರಿಕೆ ತಡೆಯಲು ಸರ್ಕಾರ ಹಣದ ಹರಿವನ್ನು ಬಿಗಿ ಮಾಡಿತು. ಲಾರಿ ಕೊಂಡವರು ಕಂತು ಕಟ್ಟಲಿಲ್ಲ. ಟೊಯೊಟಾ ಕೈಯಲ್ಲಿ ಸಂಬಳಕ್ಕೂ ದುಡ್ಡಿರಲಿಲ್ಲ.

ಬ್ಯಾಂಕ್ ಆಫ್ ಜಪಾನ್ ನಡುವೆ ಬಂದು ಬೇರೆ ಬ್ಯಾಂಕುಗಳಿಂದ ಸಾಲ ಕೊಡಿಸಿತು. ಷರತ್ತುಗಳು ಕಠಿಣವಾಗಿದ್ದವು. ಮಾರಾಟಕ್ಕೆ ಬೇರೆ ಕಂಪನಿ ಮಾಡಬೇಕು, ಮಾರುವಷ್ಟೇ ಗಾಡಿ ಮಾಡಬೇಕು, ಕೆಲಸಗಾರರನ್ನು ಕಡಿಮೆ ಮಾಡಬೇಕು. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಅಂತ ಕೀಚಿರೊ ಮಾತು ಕೊಟ್ಟಿದ್ದರು. ಆ ಮಾತು ಉಳಿಯಲಿಲ್ಲ. 1950ರ ವಸಂತದಲ್ಲಿ ಮುಷ್ಕರ ನಡೆಯಿತು. ಜೂನ್‌ನಲ್ಲಿ ಕೀಚಿರೊ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು.

ಮುಂದಿನದ್ದು ವಿಧಿಯ ಆಟ. ಅದೇ ಜೂನ್ 25ಕ್ಕೆ ಕೊರಿಯಾ ಯುದ್ಧ ಶುರುವಾಯಿತು. ಅಮೆರಿಕದ ಸೈನ್ಯ ಲಾರಿಗಳಿಗೆ ದೊಡ್ಡ ಆರ್ಡರ್ ಕೊಟ್ಟಿತು, ಕಂಪನಿ ಎದ್ದು ನಿಂತಿತು. ಇನ್ನೊಂದು ತಿಂಗಳು ತಡೆದಿದ್ದರೆ ಕೀಚಿರೊ ಕುರ್ಚಿ ಬಿಡಬೇಕಾಗುತ್ತಿರಲಿಲ್ಲವೇನೋ. ಅವರು ಮತ್ತೆ ಆ ಕುರ್ಚಿಯಲ್ಲಿ ಕೂರಲೇ ಇಲ್ಲ. 1952ರ ಮಾರ್ಚ್‌ನಲ್ಲಿ, 57ನೇ ವಯಸ್ಸಿಗೇ ಹೋದರು.

ಅಮೆರಿಕದಲ್ಲಿ ಮೊದಲ ದಿನದಿಂದ್ಲೇ ಗೆದ್ದು ಬಿಟ್ರಾ?

ಎಲ್ಲಿ ಬಂತು! 1957ರಲ್ಲಿ ಅಲ್ಲಿ ಅಂಗಡಿ ತೆರೆದರು. 1958ರ ಇಡೀ ವರ್ಷದ ಮಾರಾಟ 288 ಗಾಡಿ. ಅದರಲ್ಲಿ 287 ಕ್ರೌನ್, ಒಂದು ಲ್ಯಾಂಡ್ ಕ್ರೂಸರ್. ಕ್ರೌನ್ ಜಪಾನಿನ ಗುಂಡಿ ರಸ್ತೆಗೆ ಮಾಡಿದ ಟ್ಯಾಕ್ಸಿ ಜಾತಿಯ ಕಾರು. ಗಟ್ಟಿ, ಆದರೆ ಭಾರ. ಕ್ಯಾಲಿಫೋರ್ನಿಯಾದ ಹೆದ್ದಾರಿಯಲ್ಲಿ ವೇಗ ಹಿಡಿದರೆ ನಡುಗುತ್ತಿತ್ತು, ಎಂಜಿನ್ ಕಾಯುತ್ತಿತ್ತು. 1960ರ ಹೊತ್ತಿಗೆ ಅಲ್ಲಿ ಅದರ ಮಾರಾಟ ನಿಲ್ಲಿಸಿದರು. ಹೆದ್ದಾರಿಗೆ ತಕ್ಕ ಹೊಸ ಕೊರೊನಾ ಹಿಡಿದು ಮತ್ತೆ ಜೋರಾಗಿ ಬಂದದ್ದು 1965ರಲ್ಲಿ. 1973ರಲ್ಲಿ ಪೆಟ್ರೋಲ್ ಬಿಕ್ಕಟ್ಟು ಬಂದಾಗ ಅಮೆರಿಕದವರಿಗೆ ಸಣ್ಣ ಕಾರು ಬೇಕಾಯಿತು. ಆಗ ಇವರ ಕೈಯಲ್ಲಿ ಸರಕು ಸಿದ್ಧವಾಗಿತ್ತು.

ಲ್ಯಾಂಡ್ ಕ್ರೂಸರ್ ಅಂದ್ರೆ ಜೀಪಿನ ನಕಲು ತಾನೇ?

ಹುಟ್ಟು ಹಾಗೇ. 1951ರಲ್ಲಿ ಬಂದಾಗ ಅದರ ಹೆಸರೇ 'ಟೊಯೊಟಾ ಜೀಪ್ ಬಿಜೆ'. ಅದನ್ನು ಫ್ಯೂಜಿ ಬೆಟ್ಟದ ಆರನೇ ಹಂತದವರೆಗೆ ಹತ್ತಿಸಿ ತೋರಿಸಿದರು, ಪೊಲೀಸ್ ಇಲಾಖೆ ಮೆಚ್ಚಿ ಆರ್ಡರ್ ಕೊಟ್ಟಿತು. 'ಜೀಪ್' ಅನ್ನುವುದು ಇನ್ನೊಬ್ಬರ ಟ್ರೇಡ್‌ಮಾರ್ಕ್ ಆದ್ದರಿಂದ 1954ರಲ್ಲಿ ಲ್ಯಾಂಡ್ ಕ್ರೂಸರ್ ಅಂತ ಹೆಸರು ಬದಲಾಯಿತು.

ಇದರ ಮತ್ತು ತಮ್ಮನಂಥ ಹೈಲಕ್ಸ್‌ನ ಗಟ್ಟಿತನಕ್ಕೆ ವಿಚಿತ್ರ ಸಾಕ್ಷಿ ಆಫ್ರಿಕಾದಲ್ಲಿದೆ. 1987ರಲ್ಲಿ ಚಾಡ್ ದೇಶದ ಸೈನಿಕರು ಟೊಯೊಟಾ ಪಿಕಪ್‌ಗಳ ಮೇಲೆ ಕ್ಷಿಪಣಿ ಕಟ್ಟಿಕೊಂಡು ಮರುಭೂಮಿಯಲ್ಲಿ ಲಿಬಿಯಾದ ಟ್ಯಾಂಕುಗಳನ್ನು ಓಡಿಸಿದರು. ಚರಿತ್ರೆಯಲ್ಲಿ ಆ ಜಗಳಕ್ಕೆ 'ಟೊಯೊಟಾ ಯುದ್ಧ' ಅಂತಲೇ ಹೆಸರು. ಯಾವ ಕಂಪನಿಯೂ ಇಂಥ ಜಾಹೀರಾತು ಬಯಸುವುದಿಲ್ಲ ಅನ್ನಿ.

ಕೊರೊಲ್ಲಾದಲ್ಲಿ ಅಂಥದ್ದೇನೂ ಇಲ್ಲ. ಆದ್ರೂ ಅಷ್ಟೊಂದು ಯಾಕೆ ಮಾರಾಟ ಆಯ್ತು?

'ಅಂಥದ್ದೇನೂ ಇಲ್ಲ' ಅನ್ನುವುದೇ ಉತ್ತರ. 1966ರ ಮೊದಲ ಕೊರೊಲ್ಲಾದ ಮುಖ್ಯ ಎಂಜಿನಿಯರ್ ತತ್ಸುವೊ ಹಸೆಗಾವಾ. ಯುದ್ಧದ ಕಾಲದಲ್ಲಿ ವಿಮಾನ ವಿನ್ಯಾಸ ಮಾಡುತ್ತಿದ್ದವರು. ಅವರ ಲೆಕ್ಕ ಪರೀಕ್ಷೆಯ ಅಂಕದ ಹಾಗೆ: ಕಾರು ಎಲ್ಲ ವಿಷಯದಲ್ಲೂ 80 ಅಂಕ ತೆಗೆಯಬೇಕು, ಯಾವುದರಲ್ಲೂ ನಪಾಸಾಗಬಾರದು. ಅದರ ಮೇಲೆ ಒಂದೆರಡು ವಿಷಯದಲ್ಲಿ ಮಾತ್ರ ಜನ ಅಬ್ಬಾ ಅನ್ನಬೇಕು. ಎದುರಾಳಿ ನಿಸ್ಸಾನ್‌ನ ಸನ್ನಿ 1000 ಸಿಸಿ ಇದ್ದರೆ ಇದಕ್ಕೆ 1100 ಸಿಸಿ ಕೊಟ್ಟರು, ಆ ನೂರು ಸಿಸಿಯನ್ನೇ ಜಾಹೀರಾತಿನಲ್ಲಿ ಸಾರಿದರು. 2021ರ ಹೊತ್ತಿಗೆ ಮಾರಾಟ 5 ಕೋಟಿ ದಾಟಿತು.

ಕ್ಲಾಸಿನಲ್ಲಿ ಫಸ್ಟ್ ಬರದ, ಯಾವತ್ತೂ ಫೇಲಾಗದ ಹುಡುಗ ಇರುತ್ತಾನಲ್ಲ, ಕೊರೊಲ್ಲಾ ಅವನೇ.

## ನಮ್ಮೂರಿನ ನಂಟು

ಕ್ವಾಲಿಸ್‌ಗೂ ಮೊದ್ಲು ಟೊಯೊಟಾ ಇಂಡಿಯಾದಲ್ಲಿ ಇತ್ತಾ?

ಇತ್ತು. 1980ರ ದಶಕದಲ್ಲಿ ಡಿಸಿಎಂ ಅನ್ನುವ ಕಂಪನಿಯ ಜೊತೆ ಸೇರಿ ಉತ್ತರ ಪ್ರದೇಶದ ಸೂರಜ್‌ಪುರದಲ್ಲಿ ಡೈನಾ ಅನ್ನುವ ಸಣ್ಣ ಲಾರಿ ಮಾಡುತ್ತಿದ್ದರು. ಆಮೇಲೆ ಆ ಕಾರ್ಖಾನೆ ಡೇವೂ ಕೈಗೆ ಹೋಯಿತು. ಮಾತಿಜ್ ಬಂದದ್ದು ಅಲ್ಲಿಂದಲೇ.

ಕರ್ನಾಟಕಕ್ಕೆ ಬಂದ ದಾರಿ ಮಾತ್ರ ನನಗೆ ಬಹಳ ಇಷ್ಟ. ಟೊಯೊಟಾ ಬಳಗ ಕಿರ್ಲೋಸ್ಕರ್ ಜೊತೆ ಇಲ್ಲಿ ಮೊದಲು ಕೈ ಹಾಕಿದ್ದು ಕಾರಿಗಲ್ಲ, ನೂಲುವ ಯಂತ್ರಕ್ಕೆ. 1995ರಲ್ಲಿ ಬೆಂಗಳೂರಿನ ಪಕ್ಕದ ಜಿಗಣಿಯಲ್ಲಿ ಜವಳಿ ಯಂತ್ರದ ಕಂಪನಿ ಶುರುವಾಯಿತು. ಕಾರಿನ ಕಂಪನಿ, ಅಂದರೆ ಟೊಯೊಟಾ ಕಿರ್ಲೋಸ್ಕರ್ ಮೋಟಾರ್, ಹುಟ್ಟಿದ್ದು 1997ರಲ್ಲಿ. 1999ರ ಡಿಸೆಂಬರ್‌ನಲ್ಲಿ ಬಿಡದಿಯಲ್ಲಿ ಗಾಡಿ ತಯಾರಾಗತೊಡಗಿತು. ಜಪಾನಿನಲ್ಲಿ ಆದ ಹಾಗೆ ಇಲ್ಲೂ ನೂಲು ಮೊದಲು, ಚಕ್ರ ಆಮೇಲೆ.

ಅಷ್ಟು ಚೆನ್ನಾಗಿ ಓಡ್ತಿದ್ದ ಕ್ವಾಲಿಸ್ ಯಾಕೆ ನಿಲ್ಲಿಸಿದ್ರು?

ಕ್ವಾಲಿಸ್ ಇಂಡೊನೇಷ್ಯಾದ 'ಕಿಜಾಂಗ್'ನ ಅವತಾರ. ಕಿಜಾಂಗ್ ಅಂದರೆ ನಮ್ಮ ಮಲೆನಾಡಿನ ಕಾಡುಕುರಿಯ ಜಾತಿಯ ಪ್ರಾಣಿ. 2000ನೇ ಇಸವಿಯಲ್ಲಿ ಇಲ್ಲಿ ಬಂದಾಗಲೇ ಅದರ ರೂಪ ಹಳತಾಗಿತ್ತು. ಡಬ್ಬದ ಹಾಗಿದೆ ಅಂತ ಪತ್ರಿಕೆಗಳು ಆಡಿಕೊಂಡವು. ಜನ ಕೇಳಲಿಲ್ಲ. ಹತ್ತು ಜನ ಹತ್ತಿ, ಮೇಲೆ ಲಗೇಜ್ ಕಟ್ಟಿ, ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿ ಬಂದರೂ ಗಾಡಿ ಕೊರಗುತ್ತಿರಲಿಲ್ಲ. ಬೆಂಗಳೂರಿನ ಐಟಿ ಕಂಪನಿಗಳ ರಾತ್ರಿ ಪಾಳಿಯ ಕ್ಯಾಬ್ ಅಂದರೆ ಬಿಳಿ ಕ್ವಾಲಿಸ್ ಅನ್ನುವ ಕಾಲ ಅದು.

2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಬೇಡಿಕೆ ಇರುವಾಗಲೇ ನಿಲ್ಲಿಸಿದ್ದು ಹುಚ್ಚುತನ ಅಂತ ಎಷ್ಟೋ ಜನ ಅಂದರು. ಟ್ಯಾಕ್ಸಿಯವರು ಕೆಲವರು ಟವೆರಾ ಕಡೆ ಹೋದರು ಕೂಡ. ಆದರೆ ಕ್ವಾಲಿಸ್ ಉಳಿದಿದ್ದರೆ ಟೊಯೊಟಾ ಅಂದರೆ ಟ್ಯಾಕ್ಸಿ ಅಂತಲೇ ಆಗುತ್ತಿತ್ತು. ಇನ್ನೋವಾ ಮನೆ ಮುಂದೆಯೂ ನಿಂತಿತು, ಸ್ಟ್ಯಾಂಡಿನಲ್ಲೂ ನಿಂತಿತು, ವಿಧಾನಸೌಧದ ಮುಂದೆಯೂ ನಿಂತಿತು.

ಗ್ಲಾನ್ಜಾ ಅಂದ್ರೆ ಬಲೆನೊನೇ ಅಲ್ವಾ? ಸುಮ್ನೆ ಬ್ಯಾಡ್ಜ್‌ಗೆ ಯಾಕೆ ದುಡ್ಡು ಕೊಡ್ಬೇಕು?

ಹೌದು, ಮಾರುತಿ ಸುಜುಕಿಯ ಬಲೆನೊನೇ. ರೂಮಿಯನ್ ಅಂದರೆ ಎರ್ಟಿಗಾ. ತಿರುಗಿಸಿ ಹೇಳಿದರೆ ಮಾರುತಿಯ ಇನ್ವಿಕ್ಟೊ ಅಂದರೆ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್. 2019ರಲ್ಲಿ ಟೊಯೊಟಾ ಮತ್ತು ಸುಜುಕಿ ಒಬ್ಬರ ಷೇರು ಇನ್ನೊಬ್ಬರು ಕೊಂಡರು. ಒಬ್ಬರಿಗೆ ಸಣ್ಣ ಕಾರು ಬೇಕಿತ್ತು, ಇನ್ನೊಬ್ಬರಿಗೆ ಹೈಬ್ರಿಡ್ ತಂತ್ರ. ಕೊಳ್ಳುವವರು ಬೆಲೆ, ವಾರಂಟಿ, ಮನೆಗೆ ಹತ್ತಿರದ ಶೋರೂಮ್ ನೋಡಿ ತೀರ್ಮಾನ ಮಾಡಿದರೆ ಸಾಕು. ಒಳಗಿನ ಯಂತ್ರದಲ್ಲಿ ವ್ಯತ್ಯಾಸ ಹುಡುಕಬೇಡಿ.

ಒಂದು ತಮಾಷೆ: ಸುಜುಕಿಯೂ ಶುರುವಾದದ್ದು ಮಗ್ಗದಿಂದಲೇ, 1909ರಲ್ಲಿ, ಹಮಾಮಾತ್ಸು ಊರಿನಲ್ಲಿ. ಸಾಕಿಚಿ ಹುಟ್ಟಿದ ಊರು ಅದರ ಪಕ್ಕದಲ್ಲೇ ಇದೆ. ಆ ಸೀಮೆಯವರೇ ಆದ ಹೋಂಡಾ ಸಂಸ್ಥಾಪಕರು ಯುದ್ಧದ ಕಾಲದಲ್ಲಿ ಟೊಯೊಟಾಗೆ ಪಿಸ್ಟನ್ ರಿಂಗ್ ಮಾಡಿಕೊಡುತ್ತಿದ್ದರು.

ಬಿಡದಿ ಫ್ಯಾಕ್ಟರೀಲಿ ಆಗಾಗ ಗಲಾಟೆ ಯಾಕೆ? ಕೆಲಸಗಾರರನ್ನ ಗೌರವಿಸ್ತೀವಿ ಅಂತಾರಲ್ಲ?

ಎರಡು ದೊಡ್ಡ ಘಟನೆಗಳು ಎಲ್ಲರಿಗೂ ಗೊತ್ತು. 2014ರ ಮಾರ್ಚ್‌ನಲ್ಲಿ ಸಂಬಳದ ಮಾತುಕತೆ ಮುರಿದು ಬೀಗಮುದ್ರೆ ಆಯಿತು. 2020ರ ನವೆಂಬರ್‌ನಲ್ಲಿ ಒಬ್ಬ ನೌಕರನನ್ನು ಅಮಾನತು ಮಾಡಿದ್ದು ಧರಣಿಗೆ ತಿರುಗಿ ಮತ್ತೆ ಬೀಗ ಬಿತ್ತು, ತಿಂಗಳುಗಟ್ಟಲೆ ಎಳೆಯಿತು. ಆಗ ಸಂಘದ ಮುಖ್ಯ ದೂರು ಕೆಲಸದ ಹೊರೆ ಮೀರಿದೆ ಅನ್ನುವುದು. ಕಂಪನಿಯ ದೂರು ಅಶಿಸ್ತು ಅನ್ನುವುದು.

ನನ್ನ ಅನಿಸಿಕೆ ಹೇಳುತ್ತೇನೆ. ಟೊಯೊಟಾ ಪದ್ಧತಿಯಲ್ಲಿ ಒಂದೊಂದು ಸೆಕೆಂಡಿಗೂ ಲೆಕ್ಕ ಇದೆ. ಗಾಡಿ ಜೋಡಿಸುವ ಲೈನ್ ಮೇಲೆ ನಿಂತವನಿಗೆ ಉಸಿರಾಡಲು ಸಿಗುವ ಬಿಡುವೂ 'ವ್ಯರ್ಥ' ಅನ್ನಿಸಿಕೊಳ್ಳಬಹುದು. ಜಪಾನಿನಲ್ಲೂ ಈ ಟೀಕೆ ಹಳೆಯದು. ಇದರ ಜೊತೆಗೆ ಒಳ್ಳೆಯದನ್ನೂ ಹೇಳಬೇಕು. 2007ರಿಂದ ಬಿಡದಿಯಲ್ಲಿ ಇವರ ತರಬೇತಿ ಶಾಲೆ ಇದೆ. ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಬಡ ಮಕ್ಕಳು ಅಲ್ಲೇ ಉಳಿದು ಮೂರು ವರ್ಷ ಕಲಿಯುತ್ತಾರೆ.

ಎರಡು ಲಕ್ಷ ಕಿಲೋಮೀಟರ್ ಓಡಿರೋ ಇನ್ನೋವಾ ತಗೋಬಹುದಾ, ಸಾರ್?

ಎರಡು ಲಕ್ಷ ನಿಜವಾಗಿ ಎರಡು ಲಕ್ಷವಾಗಿದ್ದರೆ, ಸರ್ವಿಸ್ ದಾಖಲೆ ಇದ್ದರೆ, ಧಾರಾಳವಾಗಿ. ತೊಂದರೆ ಇರುವುದು ಮೀಟರ್ ತಿರುಗಿಸಿದ ಗಾಡಿಗಳಲ್ಲಿ. ಯೆಲ್ಲೋ ಬೋರ್ಡಿನಲ್ಲಿ ನಾಲ್ಕೈದು ಲಕ್ಷ ಓಡಿ, ವೈಟ್ ಬೋರ್ಡ್ ಮಾಡಿಸಿ, ಪಾಲಿಶ್ ಹೊಡೆದು ನಿಲ್ಲಿಸಿರುತ್ತಾರೆ.

ನಾನೇ ಒಮ್ಮೆ ಒಂದು ಗಾಡಿ ನೋಡಲು ಹೋಗಿದ್ದೆ. ಮೀಟರ್ 90 ಸಾವಿರ ತೋರಿಸುತ್ತಿತ್ತು. ಸೀಟ್ ಕವರ್ ಹೊಸದು, ಸ್ಟೀರಿಂಗ್ ಕವರ್ ಹೊಸದು. ಬಗ್ಗಿ ಕ್ಲಚ್ ಪೆಡಲ್ ನೋಡಿದೆ. ರಬ್ಬರಿನ ಗೆರೆ ಪೂರ್ತಿ ಸವೆದು, ಒಂದು ಅಂಚಿನಲ್ಲಿ ಕಬ್ಬಿಣ ಹೊಳೆಯುತ್ತಿತ್ತು. ಮಾರುವವನ ಮುಖ ನೋಡಿದೆ. ಅವನು 'ಟೀ ತರಿಸ್ಲಾ ಸಾರ್?' ಅಂದ. ಟೀ ಕುಡಿದು ಎದ್ದು ಬಂದೆ.

ಆರ್‌ಸಿಯಲ್ಲಿ ಮೊದಲು ಯಾವ ಬೋರ್ಡ್ ಇತ್ತು ನೋಡಿ. ವಿಮೆಯ ಹಳೆಯ ಕಾಗದ ಕೇಳಿ. ಪರಿಚಯದ ಮೆಕ್ಯಾನಿಕ್‌ಗೆ ಐನೂರೋ ಸಾವಿರವೋ ಕೊಟ್ಟು ಕರೆದುಕೊಂಡು ಹೋಗಿ. ಇನ್ನೋವಾಗೆ ಮರುಮಾರಾಟದ ಬೆಲೆ ಜಾಸ್ತಿ ಅನ್ನುತ್ತಾರಲ್ಲ, ಕೊಳ್ಳುವವನಿಗೆ ಅದೇ ಕಷ್ಟ. ಹಳೆ ಗಾಡಿಗೂ ಹೊಸ ಗಾಡಿಯ ಗತ್ತು.

## ಒಳಗಿನ ಮಾತು

ಎಂಬಿಎ ಕ್ಲಾಸಲ್ಲಿ 'ಟೊಯೊಟಾ ಪದ್ಧತಿ' ಅಂತ ತಲೆ ತಿಂತಾರೆ. ಸರಳವಾಗಿ ಏನದು?

ಎರಡು ಕಂಬ ಇವೆ. ಒಂದು, ಬೇಕಾದಾಗ, ಬೇಕಾದಷ್ಟೇ. ಇನ್ನೊಂದು, ತಪ್ಪು ಕಂಡರೆ ನಿಲ್ಲಿಸು.

ಮೊದಲನೆಯದಕ್ಕೆ ರೂಪ ಕೊಟ್ಟವರು ತೈಚಿ ಓನೊ. ಅವರೂ ಮೊದಲು ನೂಲಿನ ಗಿರಣಿಯಲ್ಲಿದ್ದು 1943ರಲ್ಲಿ ಕಾರಿನ ಕಡೆ ಬಂದವರು. ಅಮೆರಿಕದ ಸೂಪರ್ ಮಾರ್ಕೆಟ್ ಅವರಿಗೆ ಮಾದರಿಯಾಯಿತು. ಅಲ್ಲಿ ಗಿರಾಕಿ ಒಂದು ಪೊಟ್ಟಣ ತೆಗೆದರೆ ಆ ಜಾಗಕ್ಕೆ ಒಂದು ಪೊಟ್ಟಣ ಬರುತ್ತದೆ, ಯಾರೂ ಹತ್ತು ಮೂಟೆ ತಂದು ಗುಡ್ಡೆ ಹಾಕುವುದಿಲ್ಲ. ಕಾರ್ಖಾನೆಯಲ್ಲೂ ಹಾಗೇ. ಮುಂದಿನ ಕೆಲಸದವನು ಸಾಮಾನು ತೆಗೆದುಕೊಂಡಾಗ ಒಂದು ಚೀಟಿ ಹಿಂದಕ್ಕೆ ಹೋಗುತ್ತದೆ. ಆ ಚೀಟಿಯೇ 'ಕಾನ್‌ಬಾನ್'. ಚೀಟಿ ಬರದೆ ಯಾರೂ ಏನೂ ಮಾಡಬಾರದು. ಇದು ಬಡತನದಲ್ಲಿ ಹುಟ್ಟಿದ ಬುದ್ಧಿ. ಗೋದಾಮು ತುಂಬಲು 1950ರ ಟೊಯೊಟಾ ಬಳಿ ದುಡ್ಡೇ ಇರಲಿಲ್ಲ.

ಎರಡನೆಯದು ನೇರ ಸಾಕಿಚಿ ಮಗ್ಗದಿಂದ ಬಂದದ್ದು. 'ಜಿದೋಕ' ಅನ್ನುತ್ತಾರೆ. ಸ್ವಯಂಚಾಲನೆ ಅನ್ನುವ ಜಪಾನಿ ಪದದಲ್ಲಿ 'ಚಲನೆ'ಯ ಅಕ್ಷರದ ಪಕ್ಕ ಮನುಷ್ಯನ ಗುರುತೊಂದನ್ನು ಸೇರಿಸಿ ಬರೆಯುತ್ತಾರೆ. ಓಡುವ ಯಂತ್ರಕ್ಕೆ ಮನುಷ್ಯನ ವಿವೇಕ ಸೇರಿಸಿದ ಹಾಗೆ. ಲೈನ್ ಪಕ್ಕ ಹಗ್ಗ ಇರುತ್ತದೆ. ತಪ್ಪು ಕಂಡ ಯಾರೇ ಆಗಲಿ ಎಳೆಯಬಹುದು. ಮೇಲೆ ದೀಪ ಹೊತ್ತುತ್ತದೆ, ಮೇಲ್ವಿಚಾರಕ ಓಡಿ ಬರುತ್ತಾನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ನೂಲು ಹರಿದರೆ ಪಟ್ಟಿ ಬೀಳುವ ಹಾಗೇ ಅಲ್ವಾ?

ಹಾಗಿದ್ರೆ ಬೇರೆಯವರು ಹಗ್ಗ ಕಟ್ಟಿಕೊಂಡು ಯಾಕೆ ಟೊಯೊಟಾ ಆಗಲಿಲ್ಲ?

ಹಗ್ಗ ಕಟ್ಟುವುದು ಸುಲಭ. ಎಳೆದವನನ್ನು ಬೈಯದೆ ಇರುವುದು ಕಷ್ಟ. 1984ರಲ್ಲಿ ಟೊಯೊಟಾ ಮತ್ತು ಜನರಲ್ ಮೋಟಾರ್ಸ್ ಸೇರಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ 'ನಮ್ಮಿ' ಅನ್ನುವ ಕಾರ್ಖಾನೆ ತೆರೆದವು. ಅದು ಜಿಎಂ ಎರಡು ವರ್ಷ ಮೊದಲು ಮುಚ್ಚಿದ್ದ ಜಾಗ. ಗೈರುಹಾಜರಿ, ಜಗಳ, ಕುಡಿತಕ್ಕೆ ಕುಖ್ಯಾತವಾಗಿತ್ತು. ಹೆಚ್ಚಾಗಿ ಅದೇ ಕೆಲಸಗಾರರನ್ನು ತೆಗೆದುಕೊಂಡು, ಕೆಲವರನ್ನು ಜಪಾನಿಗೆ ಕಳಿಸಿ ಕಲಿಸಿದರು. ಕಾರಿನ ಗುಣಮಟ್ಟ ಜಪಾನಿನದ್ದಕ್ಕೆ ಹತ್ತಿರ ಬಂತು. ಜಿಎಂ ತನ್ನ ಬೇರೆ ಕಾರ್ಖಾನೆಗಳಿಗೆ ಇದನ್ನು ಒಯ್ಯಲು ನೋಡಿದಾಗ ಹಗ್ಗ ಹೋಯಿತು, ನಂಬಿಕೆ ಹೋಗಲಿಲ್ಲ. ನಮ್ಮಿ 2010ರಲ್ಲಿ ಮುಚ್ಚಿತು. ಆ ಕಟ್ಟಡದಲ್ಲಿ ಈಗ ಟೆಸ್ಲಾ ಕಾರು ತಯಾರಾಗುತ್ತದೆ.

ಹೈಬ್ರಿಡ್ ನಿಜವಾಗ್ಲೂ ಇವರದ್ದೇ ಐಡಿಯಾನಾ?

ಐಡಿಯಾ ನೂರು ವರ್ಷ ಹಳೆಯದು. ದೊಡ್ಡ ಸಂಖ್ಯೆಯಲ್ಲಿ ಮಾಡಿ ಮಾರಿದ್ದು ಇವರು, 1997ರ ಡಿಸೆಂಬರ್‌ನಲ್ಲಿ, ಪ್ರಿಯಸ್. ಮುಖ್ಯ ಎಂಜಿನಿಯರ್ ತಕೇಶಿ ಉಚಿಯಾಮಾದಾ ಅವರ ತಂಡದ ಮೊದಲ ಮಾದರಿ ಕಾರು 49 ದಿನ ಮಿಸುಕಲೇ ಇಲ್ಲವಂತೆ. ನಡುವೆ ಗಡುವನ್ನೂ ಮೇಲಿನವರು ಒಂದು ವರ್ಷ ಹಿಂದಕ್ಕೆ ಎಳೆದರು.

ಹೈಬ್ರಿಡ್‌ನ ಉಪಯೋಗ ಗೊತ್ತಾಗುವುದು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ. ಬ್ರೇಕ್ ಹಾಕಿದಾಗ ಸುಮ್ಮನೆ ಬಿಸಿಯಾಗಿ ಹೋಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ, ತೆವಳುವಾಗ ಅದರಲ್ಲೇ ಓಡುತ್ತದೆ. ಹೆದ್ದಾರಿಯಲ್ಲಿ ಲಾಭ ಕಡಿಮೆ. ಬಿಡದಿಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಜೋಡಿಸಿದರು. ನಮ್ಮ ಜನ ಹೈಬ್ರಿಡ್‌ಗೆ ನಿಜವಾಗಿ ಒಲಿದದ್ದು 2022ರ ಕೊನೆಗೆ ಹೈಕ್ರಾಸ್ ಬಂದ ಮೇಲೆ.

2010ರಲ್ಲಿ ಕಾರುಗಳು ತಾವಾಗೇ ಓಡ್ತಿದ್ವಂತಲ್ಲ, ಅದರಲ್ಲಿ ತಪ್ಪು ಯಾರದ್ದು?

2009ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟೊಯೊಟಾದ್ದೇ ದುಬಾರಿ ಬ್ರ್ಯಾಂಡ್ ಆದ ಲೆಕ್ಸಸ್‌ನ ಒಂದು ಕಾರು ನಿಲ್ಲದೆ ಹೋಗಿ ನಾಲ್ವರು ಸತ್ತರು. ಬೇರೆ ಮಾದರಿಯ ನೆಲಹಾಸು ಆಕ್ಸಿಲರೇಟರ್‌ಗೆ ಸಿಕ್ಕಿಕೊಂಡಿತ್ತು. ಇನ್ನು ಕೆಲವು ಕಾರುಗಳಲ್ಲಿ ಪೆಡಲ್ ಒತ್ತಿದರೆ ಬೇಗ ಮೇಲೇಳುತ್ತಿರಲಿಲ್ಲ. ಲಕ್ಷಾಂತರ ಕಾರು ವಾಪಸ್ ಕರೆದರು. ಎಲೆಕ್ಟ್ರಾನಿಕ್ಸ್ ಮೇಲೆ ಅನುಮಾನ ಬಂದು ನಾಸಾ ಎಂಜಿನಿಯರ್‌ಗಳೂ ತಪಾಸಣೆ ಮಾಡಿದರು. 2011ರ ಫೆಬ್ರವರಿಯ ವರದಿ ಎಲೆಕ್ಟ್ರಾನಿಕ್ಸ್ ಕಾರಣ ಅಂತ ಹೇಳಲಿಲ್ಲ.

ಹಾಗಂತ ಕಂಪನಿ ತಪ್ಪಿಸಿಕೊಳ್ಳಲಿಲ್ಲ. ಗೊತ್ತಿದ್ದ ದೋಷದ ಬಗ್ಗೆ ಜನರಿಗೆ ತಪ್ಪು ಮಾಹಿತಿ ಕೊಟ್ಟದ್ದಕ್ಕೆ 2014ರಲ್ಲಿ ಅಮೆರಿಕದಲ್ಲಿ 120 ಕೋಟಿ ಡಾಲರ್ ದಂಡ ತೆತ್ತಿತು. ಅಕಿಯೊ ಟೊಯೊಡ 2010ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಕೂತು, ನಾವು ತೀರಾ ವೇಗವಾಗಿ ಬೆಳೆದೆವೇನೋ ಅಂತ ಒಪ್ಪಿಕೊಂಡರು. 2008ರಲ್ಲಷ್ಟೇ ಜಿಎಂ ಅನ್ನು ಹಿಂದೆ ಹಾಕಿ ಲೋಕದಲ್ಲೇ ಮೊದಲ ಸ್ಥಾನಕ್ಕೆ ಬಂದಿದ್ದರು. ನನ್ನ ಪ್ರಕಾರ ದೋಷಕ್ಕಿಂತ ಮೌನವೇ ದೊಡ್ಡ ತಪ್ಪು. ಎಳೆ ಹರಿದಿತ್ತು, ಪಟ್ಟಿ ಬಿದ್ದಿತ್ತು, ಮೇಲಿನವರು ಮಗ್ಗ ನಿಲ್ಲಿಸಲಿಲ್ಲ.

ಡೈಹಾಟ್ಸು ಹಗರಣ ಆದ್ಮೇಲೂ ಇವರನ್ನ ನಂಬೋದು ಹೇಗೆ?

ಒಂದಲ್ಲ, ಸಾಲು ಸಾಲಾಗಿ ಬಂದವು. 2022ರಲ್ಲಿ ಬಳಗದ ಲಾರಿ ಕಂಪನಿ ಹೀನೊ ಹೊಗೆಯ ಪರೀಕ್ಷೆಯ ಅಂಕಿಗಳನ್ನು ತಿರುಚಿದ್ದು ಬಯಲಾಯಿತು. 2023ರ ಡಿಸೆಂಬರ್‌ನಲ್ಲಿ ಬಳಗದ ಸಣ್ಣ ಕಾರಿನ ಕಂಪನಿ ಡೈಹಾಟ್ಸುವಿನ 64 ಮಾದರಿಗಳ ಸುರಕ್ಷತಾ ಪರೀಕ್ಷೆಯಲ್ಲಿ ಅಕ್ರಮ ಸಿಕ್ಕಿತು. ಹಳೆಯದು 1989ರಷ್ಟು ಹಿಂದಿನದು. ಗಡುವಿನ ಒತ್ತಡ ತಡೆಯಲಾಗದೆ ಹೀಗಾಯಿತು ಅಂತ ತನಿಖಾ ಸಮಿತಿ ಹೇಳಿತು. 2024ರ ಜೂನ್‌ನಲ್ಲಿ ಟೊಯೊಟಾದ್ದೇ ಏಳು ಮಾದರಿಗಳ ಹೆಸರು ಬಂತು.

ನನಗೆ ಚುಚ್ಚಿದ್ದು ನಡುವಿನದ್ದು. 2024ರ ಜನವರಿಯಲ್ಲಿ ಡೀಸೆಲ್ ಎಂಜಿನ್‌ಗಳ ಅಶ್ವಶಕ್ತಿ ಪರೀಕ್ಷೆಯಲ್ಲಿ ಅಕ್ರಮ ಮಾಡಿದ ಕಂಪನಿ ಟೊಯೊಟಾ ಇಂಡಸ್ಟ್ರೀಸ್. ಅದು ಯಾವುದು ಗೊತ್ತಾ? ಸಾಕಿಚಿಯ ಹಳೆಯ ಮಗ್ಗದ ಕಂಪನಿಯೇ. ಅದರ ಬಿಸಿ ಬಿಡದಿಗೂ ತಟ್ಟಿತು. ಇನ್ನೋವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ರವಾನೆ ಕೆಲವು ದಿನ ನಿಂತಿತು.

ನಂಬಿಕೆಯ ಮಾತಿಗೆ ಬಂದರೆ, ರಸ್ತೆಯ ಮೇಲೆ ಗಾಡಿ ಹೇಗೆ ಬಾಳುತ್ತದೆ ಅನ್ನುವುದು ಒಂದು. ಕಾಗದದ ಮೇಲೆ ಕಂಪನಿ ಎಷ್ಟು ನೇರ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಹೆಸರು ಉಳಿದಿದೆ. ಎರಡನೆಯದರಲ್ಲಿ ಕಣ್ಣು ಮುಚ್ಚಿ ಕೈ ಮುಗಿಯುವ ಕಾಲ ಹೋಯಿತು.

ಎಲೆಕ್ಟ್ರಿಕ್ ಕಾರಲ್ಲಿ ಟೊಯೊಟಾ ಯಾಕಿಷ್ಟು ಹಿಂದೆ?

ಬೇಕಂತಲೇ ನಿಧಾನ. ಹೈಬ್ರಿಡ್, ಹೈಡ್ರೋಜನ್, ಬ್ಯಾಟರಿ ಎಲ್ಲವೂ ಇರಲಿ, ದೇಶಕ್ಕೆ ತಕ್ಕ ಹಾಗೆ ಗಿರಾಕಿ ಆರಿಸಲಿ ಅನ್ನುವುದು ಅವರ ವಾದ. 2014ರಲ್ಲಿ ಹೈಡ್ರೋಜನ್‌ನ ಮಿರಾಯ್ ತಂದರು, ಜನ ಹೆಚ್ಚು ಕೊಳ್ಳಲಿಲ್ಲ. 2022ರಲ್ಲಿ ಬ್ಯಾಟರಿಯ ಬಿಜೆಡ್4ಎಕ್ಸ್ ತಂದ ಹೊಸದರಲ್ಲೇ ಚಕ್ರದ ಬೋಲ್ಟ್ ಸಡಿಲವಾಗುತ್ತದೆ ಅಂತ ವಾಪಸ್ ಕರೆಯಬೇಕಾಯಿತು. ಗಟ್ಟಿತನಕ್ಕೆ ಹೆಸರಾದವರಿಗೆ ಇದು ಮುಜುಗರ. ಚೀನಾದಲ್ಲಿ ಈ ನಿಧಾನಕ್ಕೆ ಬೆಲೆ ತೆರುತ್ತಿದ್ದಾರೆ. ಬೇರೆ ಕಡೆ ಹೈಬ್ರಿಡ್ ಚೆನ್ನಾಗಿ ಮಾರಾಟವಾಗಿ ಅವರ ಲೆಕ್ಕವೇ ಸರಿ ಅನ್ನಿಸುತ್ತಿದೆ.

ಮಗ ನಗೋಯಾದಲ್ಲಿದ್ದಾನೆ. ಅಲ್ಲಿ ಹೋದಾಗ ಇದನ್ನೆಲ್ಲ ನೋಡೋಕೆ ಸಿಗುತ್ತಾ?

ಸಿಗುತ್ತದೆ. ನಗೋಯಾದಲ್ಲಿ ಟೊಯೊಟಾದ ಕೈಗಾರಿಕಾ ವಸ್ತುಸಂಗ್ರಹಾಲಯ ಇದೆ. ಹಳೆಯ ನೂಲಿನ ಗಿರಣಿಯ ಕೆಂಪು ಇಟ್ಟಿಗೆ ಕಟ್ಟಡ, 1994ರಲ್ಲಿ ತೆರೆದದ್ದು. ಮೆಯ್ತೆತ್ಸು ರೈಲಿನಲ್ಲಿ ಸಾಕೊ ನಿಲ್ದಾಣದಲ್ಲಿ ಇಳಿದರೆ ಮೂರ್ನಾಲ್ಕು ನಿಮಿಷದ ನಡಿಗೆ. ಅರ್ಧ ಭಾಗ ಜವಳಿ, ಅರ್ಧ ಭಾಗ ಕಾರು. ಎಲ್ಲರೂ ಕಾರಿನ ಕಡೆ ಓಡುತ್ತಾರೆ. ನೀವು ಜವಳಿ ಕಡೆ ಮೊದಲು ಹೋಗಿ. 'ಜಿ' ಮಾದರಿಯ ಮಗ್ಗವನ್ನು ಸಿಬ್ಬಂದಿಯೇ ಓಡಿಸಿ ತೋರಿಸುತ್ತಾರೆ. ಭಾಷೆ ಬರದಿದ್ದರೂ ಪರವಾಗಿಲ್ಲ, ನೂಲಿನ ಕಡೆ ಕೈ ತೋರಿಸಿ, ಕತ್ತರಿಸುವ ಹಾಗೆ ಬೆರಳು ಆಡಿಸಿ. ಅವರಿಗೆ ಅರ್ಥವಾಗುತ್ತದೆ.